ಏನೂ ಸಿಗಲಿಲ್ಲ

ಬೀದಿಯವರು ಅವನಿಗೆ ಇಟ್ಟ ಹೆಸರು ರೇಡಿಯೋ. ಕ್ಷೌರದಂಗಡಿಯಲ್ಲಿ ಅವನ ಕತ್ತರಿಗಾದರೂ ಬಿಡುವಿತ್ತು, ಬಾಯಿಗಿರಲಿಲ್ಲ. ಅರ್ಧ ಗಡ್ಡ ಬೋಳಿಸಿ, ಉಳಿದರ್ಧಕ್ಕೆ ನೊರೆ ಹಚ್ಚಿಟ್ಟು, ದಾರಿಹೋಕರ ಜೊತೆ ಹರಟೆಗೆ ನಿಂತುಬಿಡುವ ಆಸಾಮಿ. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕ. ಮದುವೆಯ ಗೋಜಿಗೆ ಇಬ್ಬರೂ ಹೋಗಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರೇ ಇದ್ದರು. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದವಳು, ಸಿಗರೇಟು ಮೂಸಿಯೂ ನೋಡಿದವಳಲ್ಲ. ಆದರೂ ಕೆಮ್ಮು ಹಿಡಿಯಿತು. ಶ್ವಾಸಕೋಶದ ಕ್ಯಾನ್ಸರ್ ಅಂದರು.

ಅಂದಿನಿಂದ ತಮ್ಮನಿಗೆ ಒಳಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಎಲ್ಲ ಜೋಮು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಆಡುತ್ತಿತ್ತು, ಅಷ್ಟೇ.

ಗಡ್ಡೆಯಿಂದ ತೆಗೆದ ಚೂರು ಪರೀಕ್ಷೆಗೆ ಸಾಲಲಿಲ್ಲವೆಂದು ಡಾಕ್ಟರಮ್ಮ ರಕ್ತ ತೆಗೆಸಿದರು. "ಗಡ್ಡೆಯ ಜೀನಿನ ಚೂರುಪಾರು ರಕ್ತದಲ್ಲಿ ಓಡಾಡ್ತಿರುತ್ತೆ. ಅದರಲ್ಲಿ ಕೆಲವು ಗುರುತು ಹುಡುಕ್ತೀವಿ" ಅಂದರು. ಅಕ್ಕ ತಲೆಯಾಡಿಸಿದಳು, ತಮ್ಮನೂ ಆಡಿಸಿದ. ಸಿಕ್ಕರೇನು, ಸಿಗದಿದ್ದರೇನು ಎಂದು ಕೇಳಲು ಇಬ್ಬರಿಗೂ ಹೊಳೆಯಲಿಲ್ಲ. ಕಾಯಿಲೆಯ ವಿಷಯದಲ್ಲಿ ಹುಡುಕಿದ್ದು ಸಿಗದಿದ್ದರೆ ಒಳ್ಳೆಯದೇ ತಾನೆ?

ಕೆಲವು ದಿನ ಬಿಟ್ಟು ಆಸ್ಪತ್ರೆಯಿಂದ ಫೋನ್ ಬಂತು. "ರಿಪೋರ್ಟ್ ಬಂದಿದೆ. ರಕ್ತದಲ್ಲಿ ಏನೂ ಸಿಗಲಿಲ್ಲ. ನಾಳೆ ಬಂದು ಡಾಕ್ಟರನ್ನ ನೋಡಿ."

ಕುರ್ಚಿಯಲ್ಲಿದ್ದ ಮೇಷ್ಟ್ರನ್ನು ನೊರೆಯಲ್ಲೇ ಬಿಟ್ಟು ಅವನು ಮೆಟ್ಟಿಲು ಹತ್ತಿದ. "ಅಕ್ಕಾ, ಏನೂ ಸಿಗಲಿಲ್ಲವಂತೆ!" ಅಕ್ಕ ಸೆರಗು ಬಾಯಿಗೆ ಹಿಡಿದು ಅತ್ತಳು. ಆಮೇಲೆ ಹೊಟ್ಟೆ ತುಂಬ ಉಂಡಳು. ಇವನು ಕೆಳಗಿಳಿದು ಮೇಷ್ಟ್ರಿಗೆ ಹೇಳಿದ, ಇಸ್ತ್ರಿಯವನಿಗೆ ಹೇಳಿದ, ಔಷಧಿ ಅಂಗಡಿಯವನಿಗೆ ಹೇಳಿದ. ಸಂಜೆಯೊಳಗೆ ಬೀದಿಗೆಲ್ಲ ಡಂಗುರವಾಗಿತ್ತು. ಎಲ್ಲರೂ ಅವನ ಬೆನ್ನು ತಟ್ಟಿದರು.

ಮರುದಿನ ಡಾಕ್ಟರಮ್ಮ ಕಾಗದದಿಂದ ತಲೆಯೆತ್ತಿ, "ಸಿಕ್ಕಿದ್ರೆ ಚೆನ್ನಾಗಿರ್ತಿತ್ತು" ಅಂದರು.

"ಏನು ಸಿಕ್ಕಿದ್ರೆ?" ಅಂದ ತಮ್ಮ.

"ಗುರುತು. ಸಿಗರೇಟು ಸೇದದವರಲ್ಲಿ ಎಷ್ಟೋ ಸಲ ಸಿಗುತ್ತೆ. ಸಿಕ್ಕಿದ್ರೆ ಅದಕ್ಕೇ ಅಂತ ಮಾತ್ರೆ ಇದೆ, ಮನೇಲೇ ನುಂಗಬಹುದಿತ್ತು. ಈಗ ಇಲ್ಲಿಗೇ ಬಂದು ಕೀಮೋ ಡ್ರಿಪ್ಪೇ ಹಾಕಿಸ್ಕೋಬೇಕು. ಕಷ್ಟ ಇದೆ."

"ಹಾಗಾದ್ರೆ ಕ್ಯಾನ್ಸರು?"

"ಅದು ಇದ್ದೇ ಇದೆಯಲ್ಲಪ್ಪ."

ಅಕ್ಕ ಡಾಕ್ಟರಮ್ಮನ ಕಡೆ ನೋಡಲಿಲ್ಲ, ತಮ್ಮನ ಕಡೆ ನೋಡಿದಳು. ಅವನಿಗೆ ಅಳುವಾದರೂ ಬರಬೇಕಿತ್ತು, ಬರಲಿಲ್ಲ.

ಬಸ್ಸಿಳಿದು ಬೀದಿಗೆ ತಿರುಗುವಾಗ ಅವನ ಕಾಲು ನಿಂತಿತು. ಮನೆಮನೆಗೂ ಹೋಗಿ ಹೇಳಿದ್ದನ್ನು ಈಗ ಮನೆಮನೆಯಿಂದ ವಾಪಸು ತರುವುದು ಹೇಗೆ? ಅಕ್ಕ ಅವನ ತೋಳು ಹಿಡಿದುಕೊಂಡಳು. "ನಡಿ. ನೀನು ಬಾಯಿ ಬಿಡಬೇಡ" ಅಂದಳು.

ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಓಡಿಬಂದ. "ಗೆದ್ದುಬಿಟ್ರಿ ಬಿಡಿ ಅಕ್ಕಾ! ಏನಂದ್ರು ಡಾಕ್ಟರು?"

ಅಕ್ಕ ಕೆಮ್ಮಿಕೊಂಡು ನಕ್ಕಳು.

"ನಿನ್ನೆ ಇವನು ಹೇಳಲಿಲ್ವಾ? ಅದೇ. ಏನೂ ಸಿಗಲಿಲ್ಲ."