ಗೆರೆಯ ಮೇಲಿನ ಹಿಮ್ಮಡ

ಹೊನ್ನೂರಪ್ಪನಿಗೆ ಆ ವರ್ಷ ಮಸ್ಕಿಗೆ ಹೋಗುವ ಮನಸ್ಸೇ ಇರಲಿಲ್ಲ. ಹಬ್ಬದ ದಿನವೂ ಹೊಲ ಅಳೆಸುವ ಮುನ್ಶಿ ಬಿಟ್ಟಿರಲಿಲ್ಲ. ಲಿಂಗಸುಗೂರಿನ ಪಡುವಲ ಹೊಲಗಳಲ್ಲಿ ಅಳತೆಯ ಸರಪಳಿ ಎಳೆದೂ ಎಳೆದೂ ಹೆಗಲು ಕಿತ್ತುಬಂದಿತ್ತು. ಆದರೆ ಯುಗಾದಿಯ ಮರುದಿನ ಮಸ್ಕಿಯವರಿಗೂ ಸಾಲಗುಂದದವರಿಗೂ ನಡೆಯುವ ಹುತುತು ಕಬಡ್ಡಿ ಆಟಕ್ಕೆ ಗೆರೆ ಕಾಯಲು ಅವನೇ ಬರಬೇಕೆಂದು ಎರಡೂ ಊರಿನವರು ಹೇಳಿಕಳಿಸಿದ್ದರು. ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದಿತ್ತು.

“ಕಾಲು ನೋಡ್ಕೋರಿ, ಹೆಂಗ ಬಾತಾವು,” ಎಂದಳು ಹೆಂಡತಿ ಪಾರ್ವತೆಮ್ಮ, ಕೋಳಿ ಕೂಗುವ ಹೊತ್ತಿಗೆ ರೊಟ್ಟಿ ಕಟ್ಟುತ್ತ. “ಒಂದ್ ವರ್ಸ ಬ್ಯಾರೆದವ್ರು ಕಾಯ್ಲಿ ಬಿಡ್ರಿ. ಗೆರಿ ಏನ್ ಓಡಿ ಹೋಗ್ತೈತೇನು?”

“ಕರ್ದಾರಲ್ಲ,” ಎಂದ ಹೊನ್ನೂರಪ್ಪ. ಅದಕ್ಕಿಂತ ಹೆಚ್ಚಿಗೆ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಅದು ನಿಜಾಮರ ಸರ್ಕಾರದ ಫಸಲಿ ಲೆಕ್ಕದ ಸಾವಿರದ ಮುನ್ನೂರ ನಲವತ್ತೇಳನೆಯ ವರ್ಷ. ಗುರುಗುಂಟಾದಲ್ಲಿ ಹುಟ್ಟಿದ ಹೊನ್ನೂರಪ್ಪ ಹೊಲ ಅಳೆಯುವ ಮೋಜಣಿಯವರ ಹಿಂದೆ ಬಿದ್ದು ಆಗಲೇ ಮೂವತ್ತು ವರ್ಷ ಕಳೆದಿದ್ದವು. ಸರಪಳಿಯ ಹಿಂದಿನ ತುದಿ ಅವನದು. ತುದಿಯನ್ನು ಗಡಿಯ ಬಾಂದುಗಲ್ಲಿಗೆ ಒತ್ತಿ ಹಿಡಿದು, ತಲೆಯೆತ್ತಿ, ದೂರದ ಕೊನೆಗೆ ನೆಟ್ಟ ಬಾವುಟದ ಮೇಲೆ ಕಣ್ಣಿಟ್ಟು, ಮುಂದಿನವನು ಎಡಕ್ಕೆ ಬಲಕ್ಕೆ ಸರಿಯದಂತೆ ಕೈಸನ್ನೆ ಮಾಡುವುದು ಅವನ ಕೆಲಸ. ಹೊಲದವರು ಮುನ್ಶಿಗೆ ಕೂರಲು ಹೊರಸು ಹಾಕುತ್ತಿದ್ದರು. ಇವನಿಗೆ ಬದುವಿನ ಜಾಲಿಗಿಡದ ನೆರಳು. “ಏ ಸರಪಳಿ, ಈ ಕಡಿ ಬಾರಲೇ” ಎಂದು ಕರೆಯುತ್ತಿದ್ದರು; ಹೆಸರು ಕೇಳಿದವರು ಕಡಿಮೆ.

ಮಸ್ಕಿಯಲ್ಲಿ ಮಾತ್ರ ವರ್ಷಕ್ಕೊಂದು ದಿನ ಅವನಿಗೆ ಕಂಬಳಿ ಹಾಸುತ್ತಿದ್ದರು. ಊರಿನ ಹಿರಿಯ ರಾಜೇಸಾಬ್ ತಾನೇ ಎದ್ದು ಬಂದು “ಬರ್ರಿ ಹೊನ್ನೂರಪ್ಪ, ಕುಂದರ್ರಿ” ಎನ್ನುತ್ತಿದ್ದ. ಆಟ ಮುಗಿದ ಮೇಲೆ ಕೈಹಿಡಿದು ಊಟಕ್ಕೆ ಕರೆದೊಯ್ಯುತ್ತಿದ್ದ. ಇವನು ಒಂದು ಮಾತು ಆಡಿದರೆ ಇನ್ನೂರು ಗಂಡಸರು ಬಾಯಿ ಮುಚ್ಚುತ್ತಿದ್ದರು. ಆ ಒಂದು ದಿನದ ಬಲದ ಮೇಲೆ ಅವನು ಉಳಿದ ದಿನಗಳನ್ನು ನೂಕುತ್ತಿದ್ದ. ಅದು ಕೈಬಿಟ್ಟು ಹೋಗುವುದು ಎಷ್ಟು ಸಲೀಸು ಎನ್ನುವುದೂ ಅವನಿಗೆ ಗೊತ್ತಿತ್ತು. ಇವನಿಗಿಂತ ಮುಂಚೆ ಗೆರೆ ಕಾಯುತ್ತಿದ್ದ ಆದೆಪ್ಪ ಒಂದೇ ಒಂದು ಸಲ “ಸರಿಯಾಗಿ ಕಾಣಲಿಲ್ಲ” ಎಂದಿದ್ದ. ಮರುವರ್ಷ ಅವನನ್ನು ಯಾರೂ ಕರೆಯಲಿಲ್ಲ.

ಅರ್ಧ ದಾರಿ ಹತ್ತಿಯ ಬಂಡಿಯ ಹಿಂದೆ ಕೂತು, ಇನ್ನರ್ಧ ದಾರಿ ನಡೆದು ಹೊನ್ನೂರಪ್ಪ ಮಸ್ಕಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಹಳ್ಳದ ದಂಡೆಯ ಬಯಲಿನಲ್ಲಿ, ಆಟದ ಒಂದು ಬದಿಗೆ, ಕುಳ್ಳಿನ ಬೂದಿಯಿಂದ ಎಲ್ಲೆಯ ಗೆರೆ ಹಾಕಿದ. ಅಳತೆಗಾರನ ರೂಢಿಯಂತೆ ಗೆರೆಯ ಎರಡು ತುದಿಗೂ ಕೋಲು ನೆಟ್ಟು ಕೆಂಪು ಅರಿವೆ ಕಟ್ಟಿದ. ಇನ್ನೊಂದು ಬದಿಗೆ ಹಳ್ಳದ ದಂಡೆಯೇ ಎಲ್ಲೆ. ಅಲ್ಲಿ ಕಾಲು ತಪ್ಪಿದವನು ಕೆಳಗೆ ಉಸುಕಿಗೆ ಬೀಳುತ್ತಿದ್ದರಿಂದ ತಕರಾರಿಗೆ ಜಾಗವಿರಲಿಲ್ಲ. ತಕರಾರೇನಿದ್ದರೂ ಈ ಬೂದಿಯ ಗೆರೆಯದು. ದಮ್ಮು ಕಟ್ಟಿ ಬಂದವನನ್ನು ಹಿಡಿಯುವಾಗ ಹಿಡಿದವನ ಕಾಲು ಗೆರೆ ದಾಟಿದರೆ ಆ ಹಿಡಿತ ಲೆಕ್ಕಕ್ಕಿಲ್ಲ, ಹಿಡಿದವನೇ ಸತ್ತಂತೆ.

ಹೊತ್ತು ಇಳಿಯುವವರೆಗೆ ಆಟ ಸಮಸಮವಾಗಿ ಬಂತು. ಉಳಿದದ್ದು ಕೊನೆಯ ಒಂದು ದಮ್ಮು. ಸಾಲಗುಂದದ ಯಮನೂರಪ್ಪ ತೊಡೆ ತಟ್ಟಿ “ಹುತುತು ಹುತುತು” ಎನ್ನುತ್ತ ಮಸ್ಕಿಯವರೊಳಗೆ ನುಗ್ಗಿದ. ಒಬ್ಬನನ್ನು ಮುಟ್ಟಿ ಗೆರೆಯ ಗುಂಟ ತಿರುಗಿ ಓಡುವಾಗ ಮಸ್ಕಿಯ ಬಾಬುಸಾಬ್ ಹಾರಿ ಅವನ ತೊಡೆಗೆ ಬಿದ್ದ. ಹೊನ್ನೂರಪ್ಪನಿಂದ ಅದು ಎರಡು ಮಾರು ದೂರ. ಸೋತ ಮೈ ತನಗೆ ಗೊತ್ತಿದ್ದನ್ನೇ ಮಾಡಿತು. ಅವನು ಮಂಡಿಯೂರಿ, ಅಂಗೈಯನ್ನು ಗೆರೆಗೆ ಒತ್ತಿ, ತಲೆಯೆತ್ತಿ ದೂರದ ಕೋಲಿನ ಕೆಂಪು ಅರಿವೆ ನೋಡಿದ. ಮೂವತ್ತು ವರ್ಷ ನೋಡಿದ ಹಾಗೆ. ಎಚ್ಚೆತ್ತು ಕಣ್ಣು ಕೆಳಗಿಳಿಸುವಷ್ಟರಲ್ಲಿ ಏಳು ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಳಿ, ಆ ಜಾಗದ ಬೂದಿಯೆಲ್ಲ ಅವರ ಮೈಗೆ ಹತ್ತಿತ್ತು.

ಬಯಲು ಸಂತೆಯಾಯಿತು.

“ಬಾಬುಸಾಬನ ಹಿಮ್ಮಡ ಹೊರಗ ಬಿತ್ತು! ನಮ್ಮವ ಉಳದ!”

“ಏನ್ ಮಾತಾಡಾಕತ್ತೀಯಲೇ? ಹಿಮ್ಮಡ ಗಾಳ್ಯಾಗಿತ್ತು, ನೆಲ ಮುಟ್ಟಿದ್ದಿಲ್ಲ.”

“ನಿನ್ನ ಕಣ್ಣು ಗಾಳ್ಯಾಗಿದ್ವು.”

“ಬಿದ್ರ ಗೆರಿ ಮ್ಯಾಲೆ ಬಿದ್ದೀತು. ಗೆರಿ ಒಳಗಿಂದೋ ಹೊರಗಿಂದೋ, ಮೊದ್ಲು ಅದನ್ನ ಹೇಳ್ರಿ. ಹೊಲದ ಬದು ಇಬ್ರಿಗೂ ಅರ್ಧರ್ಧ ಅಲ್ಲೇನು?”

“ಹಂಗಾರ ಕುಡುಗೋಲು ತರ್ಲೇನು? ಹಿಮ್ಮಡನೂ ಅರ್ಧ ಕೊಯ್ದು ಹಂಚ್ಕೊಳ್ಳೋಣು!”

“ಹಿಡದದ್ದು ಮೊದ್ಲು, ಕಾಲು ಜಾರಿದ್ದು ಆಮ್ಯಾಲೆ. ಹಿಡದ ಮ್ಯಾಲೆ ಕಾಲು ಸಿಂಧನೂರಿಗೆ ಹೋದ್ರೂ ನಡೀತೈತಿ!”

ಯಾರೋ ಯಮನೂರಪ್ಪನನ್ನು ಎಬ್ಬಿಸಿ ಕೇಳಿದರು. “ನನ್ನ ಮಾರಿ ಮಣ್ಣಾಗಿತ್ತು, ನಾ ಏನ್ ಕಾಣ್ಲಿ?” ಎಂದು ಅವನು ಉಗುಳಿದ. ಬಾಬುಸಾಬ್ ಮೊಣಕಾಲು ತಿಕ್ಕುತ್ತ, “ನಾ ಇವನ ತೊಡಿ ಹಿಡದಿದ್ನಿ. ನನ್ನ ಕಾಲೆಲ್ಲಿತ್ತಂತ ನನ್ನ ಕೇಳಿದ್ರ ಹೆಂಗ್ರೀ?” ಎಂದ. ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ದೂರದಲ್ಲಿ ಬಂಡಿಯ ಮೇಲೆ ನಿಂತವರಿಗೆಲ್ಲ ಚೆನ್ನಾಗಿ ಗೊತ್ತಿತ್ತು.

ರಾಜೇಸಾಬ್ ಕೈಯೆತ್ತಿದ. “ಸಾಕ್ರಿ, ಸಾಕು. ಹೊನ್ನೂರಪ್ಪ ಹೇಳ್ತಾರ.”

ಗದ್ದಲ ತಟ್ಟನೆ ನಿಂತಿತು. ಇನ್ನೂರು ಜನರ ಕಣ್ಣು ಅವನ ಬಾಯಿಗೆ ನೆಟ್ಟವು. ಹೊನ್ನೂರಪ್ಪ ನೆನಪನ್ನು ಎಷ್ಟು ಕೆದಕಿದರೂ ಸಿಕ್ಕಿದ್ದು ಗಾಳಿಗೆ ಅಲ್ಲಾಡುವ ಕೆಂಪು ಅರಿವೆ ಮಾತ್ರ. ಏನಾದರೊಂದು ಹೇಳಿದರೆ ಮುಗಿಯುತ್ತಿತ್ತು. ಒಂದು ಊರು ಕುಣಿಯುತ್ತಿತ್ತು, ಇನ್ನೊಂದು ಊರು ತಲೆ ತಗ್ಗಿಸಿ ಮನೆಗೆ ಹೋಗುತ್ತಿತ್ತು. ಅವನ ಕಂಬಳಿ ಅವನಿಗೇ ಉಳಿಯುತ್ತಿತ್ತು. ಆದರೆ ಸರಪಳಿ ಒಂದು ಗೇಣು ಸಡಿಲಾದರೆ ಒಬ್ಬರ ಹೊಲ ಇನ್ನೊಬ್ಬರ ಪಾಲಾಗುತ್ತದೆಂದು ಬೆನ್ನು ಮುರಿಯುವಷ್ಟು ಜಗ್ಗಿ ಹಿಡಿದ ಕೈ ಅದು. ಕಾಣದ್ದನ್ನು ಕಂಡೆನೆನ್ನಲು ಆ ದಣಿವಿನಲ್ಲಿ ಅವನಿಗೆ ಶಕ್ತಿಯೇ ಉಳಿದಿರಲಿಲ್ಲ.

“ನಾ ನೋಡ್ಲಿಲ್ಲ,” ಎಂದ. ಅಷ್ಟು ಹೇಳಲು ಅವನು ಎರಡು ಸಲ ಬಾಯಿ ತೆರೆಯಬೇಕಾಯಿತು.

“ಅಂದ್ರ?”

“ಕಣ್ಣು ಆ ಕೋಲಿನ ಕಡಿ ಹೋಗಿತ್ರಿ.”

ರಾಜೇಸಾಬ್ ಹತ್ತಿರ ಬಂದು ದನಿ ತಗ್ಗಿಸಿದ. “ಹೌದನ್ರಿ, ಇಲ್ಲಾ ಅಲ್ಲನ್ರಿ. ಎರಡರಾಗ ಒಂದು. ನಿಮ್ಮನ್ನ ಯಾರ್ ಕೇಳಾವ್ರು?”

“ನೋಡಿದ್ರ ಹೇಳ್ತಿದ್ನಿ ಸಾಬ್ರ.”

“ಅರೆ, ಇದಕ್ಕೇನು ನಿನ್ನ ಲಿಂಗಸುಗೂರಿಂದ ಕರಸಿದ್ದು?” ಎಂದು ರಾಜೇಸಾಬ್ ಹೆಗಲ ವಸ್ತ್ರ ಕೊಡವಿ ತಿರುಗಿ ಹೋದ. ಹಿಂದಿನಿಂದ ಯಾರೋ, “ಗೆರಿ ಕಾಯೋದು ಬಿಟ್ಟು ಬಾವುಟ ಕಾದಾನ ನೋಡು!” ಎಂದು ಕೂಗಿದ. ಎರಡೂ ಊರಿನವರು ಒಟ್ಟಿಗೆ ನಕ್ಕರು. ಅಲ್ಲಿಯವರೆಗೆ ಅವರು ಒಪ್ಪಿದ್ದು ಅದೊಂದಕ್ಕೇ.

ಕೊನೆಗೆ ಕೊನೆಯ ದಮ್ಮನ್ನು ಮತ್ತೆ ಆಡಿಸುವುದೆಂದಾಯಿತು. ಗೆರೆಗೆ ಊರಿಗೊಬ್ಬನಂತೆ ಇಬ್ಬರನ್ನು ನಿಲ್ಲಿಸಿದರು. ಹೊನ್ನೂರಪ್ಪನಿಗೆ ನಿಲ್ಲು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನು ಬಯಲಿನ ಅಂಚಿನ ಬೇವಿನ ಗಿಡದ ಬುಡಕ್ಕೆ ಹೋಗಿ ಕೂತ. ಬಾತ ಕಾಲುಗಳನ್ನು ಚಾಚಿದ. ಆ ಕಡೆ ಮತ್ತೆ “ಹುತುತು” ಸದ್ದು ಎದ್ದಿತು. ಈ ಸಲ ನೋಡಲೇಬೇಕೆಂಬ ಹಂಗು ಇರಲಿಲ್ಲ. ರುಮಾಲು ತಲೆಗಿಟ್ಟು ಅಡ್ಡಾದ.

ಎಚ್ಚರವಾದಾಗ ಬಿಸಿಲು ಕೆಂಪಾಗಿತ್ತು. ಬಯಲು ಖಾಲಿ. ಅವನನ್ನು ಯಾರೂ ಎಬ್ಬಿಸಿರಲಿಲ್ಲ. ದನದ ಹೆಂಡಿ ಆಯುತ್ತಿದ್ದ ಒಬ್ಬ ಮುದುಕಿ ಬುಟ್ಟಿ ಹೊತ್ತು ಆ ಕಡೆ ಬಂದಳು.

“ಯಾರ್ ಗೆದ್ರವ್ವಾ?” ಎಂದು ಕೇಳಿದ.

“ಇಲ್ಲೇ ಮಕ್ಕೊಂಡಿದ್ದೆಲ್ಲೋ ಯಪ್ಪಾ, ನೀ ನೋಡ್ಲಿಲ್ಲೇನು?”

“ಇಲ್ಲವ್ವಾ, ನೋಡ್ಲಿಲ್ಲ.”

ಮಾತು ಸಲೀಸಾಗಿ ಬಂತು. ಅವನಿಗೇ ಸೋಜಿಗವಾಯಿತು.

“ಹೋಗ್ಲಿ ಬಿಡು, ನಾನೂ ನೋಡ್ಲಿಲ್ಲ,” ಎಂದಳು ಮುದುಕಿ. “ಯಾವೂರಾತು?”

“ಲಿಂಗಸುಗೂರವ್ವಾ.”

“ಈ ಹೊತ್ತಿನ್ಯಾಗ ಎಲ್ಲಿ ಮುಟ್ತಿ?”

“ಹೋದಷ್ಟು ಹೋಗ್ತೀನವ್ವಾ,” ಎಂದು ಹೊನ್ನೂರಪ್ಪ ಗಿಡಕ್ಕೆ ಕೈಕೊಟ್ಟು ಎದ್ದ.