ಶಿರಹಟ್ಟಿಯ ಪಡಸಾಲೆಯಲ್ಲಿಟ್ಟ ಎಂಜಿನ್

ಕರೋನಾದ ಗದ್ದಲ ತಣ್ಣಗಾದ ಮರುವರ್ಷ ನಡೆದದ್ದಿದು. ಆಗ ಬೆಟಗೇರಿಯಲ್ಲಿ ನನ್ನ ಎಂಜಿನ್ ರಿಪೇರಿ ವರ್ಕ್‌ಶಾಪ್ ನಡೆಯುತ್ತಿತ್ತು. ಈಗ ಅದನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತಿದ್ದೇನೆ. ಬಿಚ್ಚಿ ಕಟ್ಟಿದ ಎಂಜಿನ್‌ಗಳ ಲೆಕ್ಕ ನನಗಿಲ್ಲ. ಆದರೆ ಒಂದು ಗಜ ಓಡುವ ಮೊದಲೇ ಎರಡು ಸಲ ಕಟ್ಟಬೇಕಾಗಿ ಬಂದದ್ದು ಈರಣ್ಣನ ಜೀಪಿನ ಎಂಜಿನ್ ಮಾತ್ರ.

ಈರಣ್ಣನಿಗೆ ಶಿರಹಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಜೀಪು ಅವನ ತಂದೆಯದು. ತಾಯಿ ಗಂಗವ್ವನವರು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಕಡೆ ಸರ್ಕಾರಿ ನರ್ಸ್ ಆಗಿದ್ದಾಗ, ಹೆರಿಗೆಗೆ ಕರೆ ಬಂದರೆ ಗಂಡನೇ ಅದರಲ್ಲಿ ಕರೆದುಕೊಂಡು ಹೋಗುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಜೀಪು ಹಿತ್ತಲಲ್ಲಿ ಮಣ್ಣು ಹಿಡಿಯಿತು. ಈಗ ಗಂಗವ್ವನವರ ಕಣ್ಣಿನ ನರ ಸೊರಗುತ್ತಿತ್ತು. ಹೋದ ನೋಟ ತಿರುಗಿ ಬಾರದು ಎಂದು ಡಾಕ್ಟರ್ ಹೇಳಿದ್ದರು. ಕಣ್ಣಿರುವಾಗಲೇ ಅದೇ ಜೀಪಿನಲ್ಲಿ ಕೊರ್ಲಹಳ್ಳಿಗೆ ಹೋಗಿ ತುಂಗಭದ್ರೆಯನ್ನು ನೋಡಬೇಕೆಂಬುದು ಅವರ ಆಸೆ.

ಎಂಜಿನ್ ನನ್ನ ಹತ್ತಿರ ಬಂತು, ಬಾಡಿ ಲಕ್ಷ್ಮೇಶ್ವರದ ಒಬ್ಬ ಟಿಂಕರ್ ಹತ್ತಿರ ಹೋಯಿತು. ನಾನು ಸಿಲಿಂಡರಿನ ಸವೆದ ಒಳಗೋಡೆ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ, ಹೇಳಿದ ಹೊತ್ತಿಗೆ ಮುಗಿಸಿದೆ. ಟಿಂಕರ್ ಮಾತ್ರ ಕೇಳಿದಾಗಲೆಲ್ಲ "ಸೋಮವಾರ ಬರ್ರಿ" ಎನ್ನುತ್ತಿದ್ದ. ಯಾವ ಸೋಮವಾರ ಎಂದು ಒಮ್ಮೆಯೂ ಹೇಳಲಿಲ್ಲ. ನನ್ನ ಶಾಪ್ ಇಕ್ಕಟ್ಟು. ಎಂಜಿನ್ ಮನೆಯಲ್ಲೇ ಇರಲಿ ಎಂದು ಈರಣ್ಣ ಹಟ ಹಿಡಿದ.

ಕಟ್ಟಿದ ಎಂಜಿನ್ ಓಡದೆ ಕುಳಿತರೆ ಅದಕ್ಕೆ ತೇವವೇ ವೈರಿ. ಓಡುವ ಎಂಜಿನ್ನಿನಲ್ಲಿ ಎಣ್ಣೆ ಸುತ್ತಾಡುತ್ತದೆ, ಕಾವಿಗೆ ತೇವ ಆರುತ್ತದೆ. ಕುಳಿತದ್ದರಲ್ಲಿ ಎಣ್ಣೆ ಮೆಲ್ಲಗೆ ಕೆಳಗಿಳಿಯುತ್ತದೆ. ಸಿಲಿಂಡರ್ ಗೋಡೆ ಬರಿದಾದರೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಅದಕ್ಕೇ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೂಡುವ ತೂತುಗಳಿಂದ ಪ್ರತಿ ಸಿಲಿಂಡರಿಗೂ ಎಣ್ಣೆ ಬಿಟ್ಟು, ಮೆಲ್ಲಗೆ ತಿರುಗಿಸಿ, ತೂತುಗಳಿಗೆ ಟೇಪ್ ಅಂಟಿಸಿದೆ. ಗಾಳಿ ಎಳೆಯುವ ಬಾಯಿಗೂ ಹೊಗೆ ಬಿಡುವ ಬಾಯಿಗೂ ಎಣ್ಣೆಯಲ್ಲಿ ಅದ್ದಿದ ಬಟ್ಟೆ ತುರುಕಿದೆ. ಬರಿ ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್ ಬಳಿದು, ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಕೂರಿಸಿ, ಪ್ಲಾಸ್ಟಿಕ್ ಹೊದಿಸಿ, ಈರಣ್ಣ ತಂದ ಗಾಡಿಗೆ ಏರಿಸಿದೆ.

"ಜಿಡ್ಡ ಐತಿ ಅಂತ ಯಾರೂ ಒರಸಬಾರದು. ಮನ್ಯಾಗ ಎಲ್ಲಾರಿಗೂ ಹೇಳಪಾ" ಎಂದೆ.

"ಆತ್ರಿ ಮಿಸ್ತ್ರಿ" ಎಂದ.

ಮಳೆಗಾಲದಲ್ಲಿ ಫೋನ್ ಮಾಡಿ ವಿಚಾರಿಸಿದೆ.

"ಫಳಫಳ ಹೊಳ್ಯಾಕತ್ತೈತ್ರಿ! ಬಂದವ್ರೆಲ್ಲಾ ನಿಂತು ನೋಡ್ತಾರ."

"ಹೊಳಿಯಾಕ ಅದೇನ ಹಿತ್ತಾಳಿ ಕೊಡಾನ? ಮ್ಯಾಲ ಗ್ರೀಸ್ ಐತೋ ಇಲ್ಲೋ, ಕೈ ಹಚ್ಚಿ ನೋಡು."

"ಐತ್ರಿ, ಐತ್ರಿ. ನೋಡ್ತೀನಿ."

ಅವನು ನೋಡಲಿಲ್ಲ. ಇದೇ ಮಾತು ಮತ್ತೆ ಮತ್ತೆ ಫೋನಿನಲ್ಲಿ ನಡೆಯಿತು.

ದಸರೆ ಹೊತ್ತಿಗೆ ಬಾಡಿ ಮುಗಿಯಿತೆಂದು ಸುದ್ದಿ ಬಂತು. ಎಂಜಿನ್ ಒಯ್ಯಲು ಗಾಡಿ ತೆಗೆದುಕೊಂಡು ಶಿರಹಟ್ಟಿಗೆ ಹೋದೆ. ಪಡಸಾಲೆಯಲ್ಲಿ ಕಾಲಿಟ್ಟವನು ಹಾಗೇ ನಿಂತೆ. ಪ್ಲಾಸ್ಟಿಕ್ ನೀಟಾಗಿ ಮಡಚಿ ಪಕ್ಕದಲ್ಲಿತ್ತು. ಗ್ರೀಸ್ ಇಲ್ಲ, ಟೇಪ್ ಇಲ್ಲ. ನಾನು ತುರುಕಿದ್ದ ಕರಿ ಬಟ್ಟೆ ಮಲ್ಲಿಗೆಯ ಹಾಗೆ ಬೆಳ್ಳಗಾಗಿತ್ತು. ಹೊರಗೆಳೆದರೆ ಸೋಪಿನ ವಾಸನೆ; ಇನ್ನೂ ಹಸಿ. ಎಂಜಿನ್ನಿನ ಹಿಂದಿನ ಫ್ಲೈವೀಲ್ ಚಕ್ರಕ್ಕೆ ರಾಡ್ ಹಚ್ಚಿ ತಿರುವಿದೆ. ಮಿಸುಕಲಿಲ್ಲ.

"ಈರಣ್ಣಾ, ಇದನ್ನ ಯಾರು ತೊಳದ್ರು?"

ಅವನು ಜಂತಿ ನೋಡಿದ. ಒಳಗಿಂದ ಗಂಗವ್ವನವರು ಗೋಡೆ ಹಿಡಿದುಕೊಂಡು ಬಂದರು.

"ನಾನಾ ದಿನಾ ಒರಸ್ತೀನ್ರಿ. ಕೈ ಇಟ್ರ ಅಂಟಂಟ, ಏನ ಜಿಡ್ಡರೀ ಅದು! ದ್ಯಾವರ ಜಗಲಿ ಎದುರಿಗೆ ಇಟ್ಟಾನ. ಆ ಅರಿವೀನೂ ಆಗಾಗ ಕುದಿಸಿ ಒಗದು ಮತ್ತ ಅಲ್ಲೇ ಇಡ್ತೀನಿ."

ಶಹಬ್ಬಾಸ್ ಅನ್ನುತ್ತೇನೆಂದು ಆ ಮುಖ ಕಾಯುತ್ತಿತ್ತು. ಅವರನ್ನು ಬೈಯುವುದು ಹೇಗೆ? ಸಿಟ್ಟೆಲ್ಲ ಮಗನ ಮೇಲೆ ತಿರುಗಿತು.

"ಅವ್ವಗ ಹೇಳಿಲ್ಲೇನೋ?"

"ಎಂಜಿನ್ ಸುದ್ದಿ ಆಕಿಗ್ಯಾಕಂತ..."

"ಯಾಕಂದ್ರ ಮನ್ಯಾಗ ಇರಾಕಿ ಆಕಿ! ನೀ ಹೊತ್ತ ಮುಳಗೂತನಾ ಅಂಗಡ್ಯಾಗ ಕುಂಡ್ರತಿ!"

ಗಂಗವ್ವನವರ ನಗು ಆರಿತು. "ಕೆಟ್ಟೈತೇನ್ರಿ?"

"ಕೆಟ್ಟೈತ್ರಿ ಅವ್ವಾರ."

ಅವರು ಹೊಸ್ತಿಲ ಮೇಲೆ ಕುಸಿದು ಕುಳಿತರು. ಆಮೇಲೆ ಮಗನ ಕಡೆ ತಿರುಗಿ, "ಹೆರಿಗಿ ಖೋಲ್ಯಾಗ ಯಾರೂ ಬರಬ್ಯಾಡ್ರಿ ಅಂತ ನಾ ಇಡೀ ಊರಿಗೆ ಹೇಳಿದಾಕಿ. ನನಗೊಂದ ಮಾತು ಹೇಳಿದ್ರ ನಿನ್ನ ಬಾಯಿ ಸವೀತಿತ್ತೇನೋ?" ಎಂದರು.

ಬೆಟಗೇರಿಗೆ ತಂದು ಬಿಚ್ಚಿದೆ. ಹಸಿ ಬಟ್ಟೆಯ ತೇವ ಒಳಗಿಳಿದು, ಎರಡು ಸಿಲಿಂಡರ್‌ಗಳಲ್ಲಿ ರಿಂಗುಗಳು ಗೋಡೆಗೆ ಕಚ್ಚಿಕೊಂಡಿದ್ದವು. ತುಕ್ಕು ಆಳಕ್ಕೆ ಇಳಿದಿದ್ದರಿಂದ ಮತ್ತೆ ಬೋರ್ ಮಾಡಿಸಬೇಕಾಯಿತು, ಮತ್ತೆ ಹೊಸ ಪಿಸ್ಟನ್. ಒಂದೊಂದು ಬೋಲ್ಟ್ ಬಿಚ್ಚುವಾಗಲೂ ಈರಣ್ಣನನ್ನು ಬೈದೆ. ಕಟ್ಟುವಾಗಲೂ ಬೈದೆ. ಇತ್ತ ಟಿಂಕರ್‌ಗೆ ಜೀಪಿನ ವೈರಿಂಗ್ ಉಳಿದಿದೆ ಎಂದು ಆಗ ನೆನಪಾಯಿತು. ಮತ್ತೆ ಸೋಮವಾರ!

ಎಂಜಿನ್ ಪುನಃ ಅದೇ ಪಡಸಾಲೆಗೆ ಹೋಯಿತು. ಈ ಸಲ ನಾನು ಈರಣ್ಣನ ಜೊತೆ ಮಾತೇ ಆಡಲಿಲ್ಲ. ಗಂಗವ್ವನವರ ಬೆರಳು ಹಿಡಿದು ಗ್ರೀಸ್ ಮೇಲೆ ಇಟ್ಟು, "ಇಷ್ಟ ದಪ್ಪ ಇರಬೇಕ್ರಿ. ಬಾಯಿಗೆ ಎಣ್ಣಿ ಅರಿವಿ, ತೂತಿಗೆ ಟೇಪ್ ಇರಬೇಕು. ಎಲ್ಲೆರ ಬಿಟ್ರ ನನಗ ಫೋನ್ ಹಚ್ರಿ" ಎಂದೆ. ಅವರು ಆ ಮಾತನ್ನು ಪಾಠದ ಹಾಗೆ ತಿರುಗಿ ನನಗೇ ಒಪ್ಪಿಸಿದರು. ಆಮೇಲೆ ಎಂಜಿನ್ ತೋರಿಸಲು ಮಗ ಯಾರನ್ನೋ ಕರೆತಂದು ಪ್ಲಾಸ್ಟಿಕ್ ಎತ್ತಲು ಹೋದಾಗ ಅವನ ಕೈಗೇ ಬಾರಿಸಿದರಂತೆ. ಒಮ್ಮೆ ಫೋನ್ ಮಾಡಿ, "ಹಿಂದಿನ ತೂತಿನ ಟೇಪ್ ಎದ್ದೈತಿ, ಜಲ್ದಿ ಬರ್ರಿ" ಎಂದರು. ಹೋಗಿ ನೋಡಿದರೆ ಖರೆ, ಎದ್ದಿತ್ತು.

ಸಂಕ್ರಾಂತಿ ಕಳೆದ ಮೇಲೆ ಜೀಪು ಕೊರ್ಲಹಳ್ಳಿಗೆ ಹೊರಟಿತು. ಈರಣ್ಣನ ಕೈಯಲ್ಲಿ ಸ್ಟೀರಿಂಗ್, ತಾಯಿ ಅವನ ಪಕ್ಕ, ನಾನು ಹಿಂದೆ. ಎಂಜಿನ್ ಒಂದೇ ಸಮನೆ ಓಡಿತು. ದಂಡೆಯ ಮೇಲೆ ಇಳಿದು ಗಂಗವ್ವನವರು ಬಹಳ ಹೊತ್ತು ನಿಂತರು.

"ನೀರು ಬೆಳ್ಳಗ ಕಾಣ್ತೈತಿ" ಎಂದರು. ಆಮೇಲೆ, "ಆಚಿ ದಂಡಿ ಕಾಣವಲ್ದು. ದಸರಾಕ ಬಂದಿದ್ರ ಕಾಣತಿತ್ತೇನೋ."

ಯಾರನ್ನೂ ದೂರಿ ಆಡಿದ ಮಾತಲ್ಲ. ಆದರೂ ಈರಣ್ಣ ಮರಳಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ನನ್ನ ಬಾಯಲ್ಲೂ ಬೈಗುಳ ಉಳಿದಿರಲಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ವಸ್ತು ಯಾರದು ಎಂದು ಕೇಳಿದರೆ ಸಾಲದು, ಅದನ್ನಿಡುವ ಕೋಣೆಯನ್ನು ಗುಡಿಸಿ ಒರೆಸುವವರು ಯಾರು ಎಂದು ಕೇಳಬೇಕು, ಹೇಳುವುದನ್ನು ಅವರಿಗೇ ಹೇಳಬೇಕು. ಅಂದಿನಿಂದ ಎಂಜಿನ್ ಮನೆಗೆ ಒಯ್ಯುತ್ತೇನೆ ಎನ್ನುವ ಗಿರಾಕಿಗೆ, ಮೊದಲು ಮನೆಯವರನ್ನು ಕರೆದುಕೊಂಡು ಬಾ ಎನ್ನುತ್ತಿದ್ದೆ. ಅಳಿಯನೂ ಹಾಗೇ ಮಾಡುತ್ತಾನೆ. ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.