ಗುಂಡ್ಲುಪೇಟೆ ಕಂಪ್ಯೂಟರಿನ ರಜೆ

ಆಯುಧಪೂಜೆಯ ದಿನ ಚಾಮರಾಜನಗರದ ಟೆಲಿಫೋನ್ ಆಫೀಸಿನಲ್ಲಿ ನಾನೊಬ್ಬನೇ ಡ್ಯೂಟಿಯಲ್ಲಿದ್ದೆ. ಊರೂರಿನ ಲೈನುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರು ಒಂದೇ ರಾಗ ಹಾಡುತ್ತಿತ್ತು: ಡೇಟಾಬೇಸ್ ಸಿಗುತ್ತಿಲ್ಲ. ಆ ಡೇಟಾಬೇಸಿನ ಕಂಪ್ಯೂಟರು ಇದ್ದದ್ದು ಗುಂಡ್ಲುಪೇಟೆಯ ಆಫೀಸಿನಲ್ಲಿ. ಕೇಬಲ್ಲು, ಪಾಸ್‌ವರ್ಡು ಎಲ್ಲ ನೋಡಿದೆ. ಅಲ್ಲಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೈಸೂರಿನ ಸಾಹೇಬರಿಂದ ಬೈಸಿಕೊಂಡು ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಕಂಪ್ಯೂಟರನ್ನು ಆಫ್ ಮಾಡಿ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದ್ದರು. ಪಕ್ಕದ ಫೋನಿನ ಮೇಲೂ ಹೂವು. ಪೂಜೆ ಮುಗಿಸಿ ಎಲ್ಲರೂ ಮನೆಗೆ ಹೋಗಿದ್ದರು. ಆಫೀಸು ಗುಡಿಸುವ ಆಯಾ ಸಿದ್ದಮ್ಮ ಒಬ್ಬರೇ ಕೂತಿದ್ದರು.

"ಮುಟ್‌ಬ್ಯಾಡ ಕಣ್ ಮಗ. ವರ್ಸೆಲ್ಲ ದುಡ್ದದೆ. ನಾಳೆ ಗಂಟ ಸುಮ್ಕಿರ್ಲಿ ಬುಡು."

"ಅದು ಸುಮ್ಮನಿದ್ರೆ ನನ್ನ ಕೆಲಸ ಹೋಗುತ್ತಮ್ಮ!" ಎಂದು ರೇಗಿದೆ.

ಅವರು ನನ್ನ ಮುಖ ನೋಡಿದರು. "ಉಂಡಿದ್ದೀಯಾ?" ಎಂದು ಕೇಳಿ, ಬಾಳೆಎಲೆಯಲ್ಲಿ ಪೂಜೆಯ ಕಡ್ಲೆಪುರಿ, ಹಣ್ಣು ಕೊಟ್ಟರು. ಆಮೇಲೆ ಕಂಪ್ಯೂಟರಿಗೆ ಕೈಮುಗಿದು, "ಈ ಹುಡ್ಗುನ್ ಕೆಲ್ಸ ಓಯ್ತದಂತೆ, ಬ್ಯಾಸರ ಮಾಡ್ಕಬ್ಯಾಡ ಕಣಪ್ಪ" ಎಂದು ತಾವೇ ಹಾರ ತೆಗೆದರು. ನಾನು ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಸಂಪರ್ಕ ಬಂತು.

ಹೂವು ಸರಿಸಿ ಫೋನೆತ್ತಿ ಸಾಹೇಬರಿಗೆ ತಿಳಿಸಿದೆ.

"ಏನಾಗಿತ್ತಯ್ಯ ಅದಕ್ಕೆ?" ಎಂದರು.

"ದಣಿದಿತ್ತು ಸಾರ್" ಎಂದೆ.